ಮರಳು ಮತ್ತು ಸಂತಾನ: ‘ಡ್ಯೂನ್’ ಓದಿನ ನೆಪದಲ್ಲಿ

ಸಿಂಹಾಸನಕ್ಕೆ ಯಾರು ಹಕ್ಕುದಾರರು ಎಂಬ ಪ್ರಶ್ನೆಯೊಡನೆಯೇ ಕನ್ನಡದ ಮೊದಲ ಮಹಾಕಾವ್ಯಗಳು ಹುಟ್ಟಿಕೊಂಡಿವೆ. ಕ್ರಿ.ಶ. 941ರ ಸುಮಾರಿಗೆ ರಚಿತವಾದ ಪಂಪನ ಎರಡು ಕೃತಿಗಳೂ ದಾಯಾದಿಗಳ ಕಥೆಗಳೇ. ಒಂದರಲ್ಲಿ ಅಣ್ಣತಮ್ಮಂದಿರ ಮಕ್ಕಳು ನೆಲಕ್ಕಾಗಿ ಹೋರಾಡಿ ಕುಲವನ್ನೇ ಬರಿದು ಮಾಡಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಒಬ್ಬನೇ ತಂದೆಯ ಇಬ್ಬರು ಮಕ್ಕಳು ಎದುರೆದುರು ನಿಂತು, ಗೆದ್ದವನು ಗೆಲುವನ್ನು ಅಲ್ಲಿಯೇ ಬಿಟ್ಟು ನಡೆಯುತ್ತಾನೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣರಂಗದ ಹೆಣಗಳ ನಡುವೆ ತನ್ನ ಮಗ ಲಕ್ಷಣಕುಮಾರನನ್ನು ಕಾಣುವ ಸಂದರ್ಭವಂತೂ ವಾರಸುದಾರನಿಲ್ಲದ ಅರಸುತನದ ನಿರರ್ಥಕತೆಯನ್ನು ನಮ್ಮ ಭಾಷೆ ಮುಟ್ಟಿದ ಅತ್ಯಂತ ಆಳದ ಬಿಂದು. ಇಷ್ಟು ದೀರ್ಘವಾದ ಪರಂಪರೆಯುಳ್ಳ ನಾವು, ಇದೇ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಅಮೆರಿಕದ ಲೇಖಕನೊಬ್ಬ ನಕ್ಷತ್ರಗಳಾಚೆಯ ಗ್ರಹವೊಂದಕ್ಕೆ ಕೊಂಡೊಯ್ದಾಗ, ಅದನ್ನು ಸಾಹಿತ್ಯದ ಅಂಗಳದಿಂದ ಹೊರಗೆ ನಿಲ್ಲಿಸುತ್ತ ಬಂದಿದ್ದೇವೆ. ‘ವೈಜ್ಞಾನಿಕ ಕಾದಂಬರಿ’ ಎಂಬ ಹಣೆಪಟ್ಟಿ ಅಂಟಿಸಿದೊಡನೆ ನಮ್ಮ ವಿಮರ್ಶೆಯ ಕೆಲಸ ಮುಗಿದುಹೋಗುತ್ತದೆ. ಈ ಧೋರಣೆಯನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫ್ರಾಂಕ್ ಹರ್ಬರ್ಟನ ‘ಡ್ಯೂನ್’ 1963ರಿಂದ 1965ರವರೆಗೆ ‘ಅನಲಾಗ್’ ಎಂಬ ನಿಯತಕಾಲಿಕದಲ್ಲಿ ಧಾರಾವಾಹಿಯಾಗಿ ಬಂದು, 1965ರಲ್ಲಿ ಪುಸ್ತಕವಾಯಿತು. ಪ್ರಕಟಿಸಿದ್ದು ಮೋಟಾರುಗಳ ದುರಸ್ತಿ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಸಂಸ್ಥೆ. ಸಾಹಿತ್ಯದ ದೊಡ್ಡ ಮನೆಗಳು ಬೇಡವೆಂದ ಕೃತಿಗೆ ಗ್ಯಾರೇಜಿನ ಪುಸ್ತಕಗಳವರು ಬಾಗಿಲು ತೆರೆದರು. ಅಲ್ಲಿಂದ 1985ರವರೆಗೆ ಒಟ್ಟು ಆರು ಕಾದಂಬರಿಗಳಾಗಿ ಅದು ಬೆಳೆಯಿತು. ಮರುವರ್ಷ ಹರ್ಬರ್ಟ್ ತೀರಿಕೊಂಡ. ನಮ್ಮ ವಿದ್ಯಾರ್ಥಿಗಳು ಈ ಕೃತಿಗೆ ಬಂದದ್ದು ಹೆಚ್ಚಾಗಿ 2021 ಮತ್ತು 2024ರ ಚಲನಚಿತ್ರಗಳ ಮೂಲಕ. ಪಂಪನನ್ನು ಬೆಳಿಗ್ಗೆ ತರಗತಿಯಲ್ಲಿ ಓದಿ, ಸಂಜೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮೊಬೈಲಿನ ಪರದೆಯ ಮೇಲೆ ಹರ್ಬರ್ಟನನ್ನು ಓದುವ ಎಂ.ಎ. ವಿದ್ಯಾರ್ಥಿಗಳು ಮುಂಬಯಿಯಲ್ಲಿ ಇಂದು ಇದ್ದಾರೆ. ಈ ಎರಡು ಓದುಗಳು ಒಂದಕ್ಕೊಂದು ಮಾತನಾಡಬಲ್ಲವು ಎಂದು ಅವರಿಗೆ ನಾವು ತೋರಿಸಿಕೊಟ್ಟಿಲ್ಲ.

ಕಥೆಯನ್ನು ತಿಳಿಯದವರಿಗಾಗಿ ಸ್ಥೂಲವಾಗಿ ಹೇಳುವುದಾದರೆ: ಅರಾಕಿಸ್ ಎಂಬುದು ಮಳೆಯೇ ಇಲ್ಲದ ಮರಳುಗಾಡಿನ ಗ್ರಹ. ಅಲ್ಲಿ ಮಾತ್ರ ದೊರೆಯುವ ಒಂದು ಬಗೆಯ ಸಂಬಾರ ದ್ರವ್ಯವಿಲ್ಲದೆ ಗ್ರಹದಿಂದ ಗ್ರಹಕ್ಕೆ ಹಡಗುಗಳು ಚಲಿಸಲಾರವು. ಆದ್ದರಿಂದ ಅರಾಕಿಸನ್ನು ಹಿಡಿದವನ ಕೈಯಲ್ಲಿ ಸಾಮ್ರಾಜ್ಯದ ಕೊರಳು. ಚಕ್ರವರ್ತಿಯು ಅದನ್ನು ಲೀಟೊ ಅಟ್ರೀಡೀಸ್ ಎಂಬ ಸಾಮಂತನಿಗೆ ಉಂಬಳಿಯಾಗಿ ಕೊಟ್ಟಂತೆ ಮಾಡಿ, ಅವನ ವೈರಿ ಹರ್ಕೊನೆನ್ ಮನೆತನದ ಕೈಯಿಂದ ಕೊಲ್ಲಿಸುತ್ತಾನೆ. ಸಾಮಂತನ ಮಗ ಪಾಲ್ ತಾಯಿಯೊಡನೆ ಮರಳುಗಾಡಿಗೆ ಓಡಿಹೋಗಿ, ಅಲ್ಲಿನ ಫ್ರೆಮನ್ ಜನರ ನಾಯಕನೂ ಪ್ರವಾದಿಯೂ ಆಗಿ ಬೆಳೆದು, ಚಕ್ರವರ್ತಿಯನ್ನು ಕೆಳಗಿಳಿಸಿ, ಅವನ ಮಗಳನ್ನು ಮದುವೆಯಾಗಿ ಸಿಂಹಾಸನವೇರುತ್ತಾನೆ. ಇಲ್ಲಿಗೆ ನಿಂತಿದ್ದರೆ ಇದು ಕಳೆದ ರಾಜ್ಯವನ್ನು ಮರಳಿ ಪಡೆದ ರಾಜಕುಮಾರನ ಇನ್ನೊಂದು ಅಡಗೂಲಜ್ಜಿಯ ಕಥೆಯಾಗುತ್ತಿತ್ತು. 1969ರ ಎರಡನೆಯ ಸಂಪುಟದಲ್ಲಿ ಹರ್ಬರ್ಟ್ ಆ ಕಥೆಯನ್ನು ತಾನೇ ಒಡೆಯುತ್ತಾನೆ. ಪಾಲನ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ ಸತ್ತವರ ಲೆಕ್ಕ ಸಾವಿರ ಕೋಟಿಗಳಲ್ಲಿದೆ. ಆ ಲೆಕ್ಕವನ್ನು ಹಿಡಿದು ಅವನು ತನ್ನನ್ನು ಚೆಂಗಿಸ್ ಖಾನನೊಡನೆ, ಹಿಟ್ಲರನೊಡನೆ ಹೋಲಿಸಿಕೊಳ್ಳುತ್ತಾನೆ. ಕೊನೆಗೆ ಕಣ್ಣು ಕಳೆದುಕೊಂಡು, ಅವಳಿ ಮಕ್ಕಳನ್ನು ಹೆತ್ತು ಮಡಿದ ಚಾನಿಯನ್ನೂ ಆ ಎರಡು ಹಸುಳೆಗಳನ್ನೂ ಹಿಂದೆ ಬಿಟ್ಟು, ಒಬ್ಬನೇ ಮರಳಿಗೆ ನಡೆದುಹೋಗುತ್ತಾನೆ.

“ಇದು ನಮ್ಮ ಮಹಾಭಾರತವೇ ಅಲ್ಲವೆ ಸರ್?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಅಲ್ಲ ಎಂದೇ ಹೇಳಬೇಕಾಗುತ್ತದೆ. ಹೊರಗಿನ ಯಾವ ದೊಡ್ಡ ಕೃತಿ ಕಂಡರೂ ಅದು ನಮ್ಮಲ್ಲಿ ಮೊದಲೇ ಇತ್ತೆಂದು ಸಮಾಧಾನಪಟ್ಟುಕೊಳ್ಳುವುದು ಹೆಮ್ಮೆಯಂತೆ ಕಂಡರೂ ನಿಜವಾಗಿ ಓದಿನ ಸೋಮಾರಿತನ. ತೌಲನಿಕ ಅಧ್ಯಯನವೆಂದರೆ ಸಾಮ್ಯಗಳ ಪಟ್ಟಿಯಲ್ಲ. ಎರಡು ಸಂಸ್ಕೃತಿಗಳು ಒಂದೇ ಇಕ್ಕಟ್ಟಿನಲ್ಲಿ ಬೇರೆ ಬೇರೆ ದಾರಿ ಹಿಡಿದ ಜಾಗವನ್ನು ಗುರುತಿಸುವುದು. ಆ ದೃಷ್ಟಿಯಿಂದ ‘ಡ್ಯೂನ್’ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಮಹಾಭಾರತವನ್ನಲ್ಲ, ಕಾವೇರಿಯ ದಂಡೆಯ ತಲಕಾಡನ್ನು ಎಂದು ನನ್ನ ಅಭಿಪ್ರಾಯ.

ತಲಕಾಡಿನ ಶಾಪ ಕನ್ನಡಿಗರಿಗೆಲ್ಲ ಗೊತ್ತಿರುವುದೇ. 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಐತಿಹ್ಯದ ಪ್ರಕಾರ ಆ ಪ್ರತಿನಿಧಿಯ ಪತ್ನಿ ಅಲಮೇಲಮ್ಮ, ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಆಭರಣಗಳೊಡನೆ ತಲಕಾಡಿನ ಕಡೆ ಹೋದಳು. ಒಡವೆಗಾಗಿ ಅರಮನೆಯ ಆಳುಗಳು ಬೆನ್ನಟ್ಟಿ ಬಂದಾಗ ಮಾಲಂಗಿಯ ಬಳಿ ಹೊಳೆಗೆ ಹಾರಿದಳು. ಹಾರುವ ಮೊದಲು ಮೂರು ಮಾತು ಆಡಿದಳು: ತಲಕಾಡು ಮರಳಿನಲ್ಲಿ ಹೂತುಹೋಗಬೇಕು, ಮಾಲಂಗಿಯಲ್ಲಿ ಹೊಳೆ ತಳ ಕಾಣದ ಮಡುವಾಗಬೇಕು, ಮೈಸೂರಿನ ಅರಸರಿಗೆ ಮಕ್ಕಳಾಗಬಾರದು. ಮರಳು, ನೀರು, ಸಂತಾನ. ಹರ್ಬರ್ಟ್ ಆರು ಸಂಪುಟಗಳಲ್ಲಿ ಹೆಣೆದದ್ದೂ ಈ ಮೂರು ಎಳೆಗಳನ್ನೇ ಎಂಬುದು ಆಕಸ್ಮಿಕ ಹೋಲಿಕೆಯಾಗಿ ಮಾತ್ರ ಕುತೂಹಲಕಾರಿಯಲ್ಲ. ಪ್ರಭುತ್ವದ ಹಿಂಸೆಗೆ ಪ್ರಕೃತಿಯೂ ವಂಶವೂ ಒಟ್ಟಿಗೆ ಉತ್ತರ ಕೊಡುತ್ತವೆ ಎಂಬ ಕಲ್ಪನೆ ಎರಡೂ ಕಡೆ ಇದೆ. ವಿಜ್ಞಾನದ ಕಾಲದ ಕಾದಂಬರಿಕಾರ ಅದಕ್ಕೆ ಪರಿಸರಶಾಸ್ತ್ರ, ತಳಿಶಾಸ್ತ್ರ ಎಂಬ ಹೆಸರು ಕೊಟ್ಟ. ನಮ್ಮ ಜನಪದ ಅದನ್ನು ಶಾಪ ಎಂದಿತು.

ಮರಳಿನ ವಿಷಯವನ್ನು ಮೊದಲು ನೋಡೋಣ. ಹರ್ಬರ್ಟ್ ವೃತ್ತಿಯಿಂದ ಪತ್ರಕರ್ತ. 1957ರಲ್ಲಿ ಅವನು ಆರೆಗನ್ ಸಂಸ್ಥಾನದ ಫ್ಲಾರೆನ್ಸ್ ಎಂಬ ಕರಾವಳಿ ಊರಿಗೆ ಹೋದ. ಅಲ್ಲಿ ಸರಿಯುವ ಮರಳಿನ ದಿಬ್ಬಗಳು ರಸ್ತೆಗಳನ್ನೂ ಮನೆಗಳನ್ನೂ ನುಂಗುತ್ತಿದ್ದವು. ಸರ್ಕಾರದ ಕೃಷಿ ಇಲಾಖೆಯವರು ಹುಲ್ಲು ನೆಟ್ಟು ಅವನ್ನು ತಡೆದು ನಿಲ್ಲಿಸಿದ್ದರು. ಆ ಬಗ್ಗೆ ಬರೆಯಬೇಕೆಂದಿದ್ದ ಲೇಖನ ಪ್ರಕಟವಾಗಲೇ ಇಲ್ಲ. ಸಂಗ್ರಹಿಸಿದ ಸಾಮಗ್ರಿ ಮುಂದೆ ಕಾದಂಬರಿಯ ಬೀಜವಾಯಿತು. ತಲಕಾಡಿನ ಮರಳಿಗೂ ಇಂಥದೇ ಒಂದು ವಿವರಣೆಯಿದೆ. ಕೃಷಿ ವಿಜ್ಞಾನಿಯೂ ಕಥೆಗಾರರೂ ಆದ ಕೆ. ಎನ್. ಗಣೇಶಯ್ಯನವರು ಈ ಶಾಪವನ್ನು ಒಂದು ಪರಿಸರ ದುರಂತದ ಸ್ಮೃತಿಯೆಂದು ಪರಿಶೀಲಿಸಿದ್ದಾರೆ. ವಿಜಯನಗರದ ಕಾಲದಲ್ಲಿ ಇಲ್ಲಿ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದಾಗಿ ಕೆಳಪಾತ್ರದಲ್ಲಿ ನೀರು ಇಳಿದು, ತೆರೆದುಕೊಂಡ ಮರಳನ್ನು ಗಾಳಿ ದಂಡೆಗೆ ಹೊತ್ತು ತಂದಿತೆಂಬುದು ಆ ವಾದದ ತಿರುಳು. ಗಂಗರ ರಾಜಧಾನಿಯಾಗಿದ್ದ, ಚೋಳರನ್ನು ಓಡಿಸಿದ ವಿಜಯದ ನೆನಪಿಗೆ ವಿಷ್ಣುವರ್ಧನ 1117ರಲ್ಲಿ ಕೀರ್ತಿನಾರಾಯಣನನ್ನು ನಿಲ್ಲಿಸಿದ ಪಟ್ಟಣ ಹೀಗೆ ಮರಳಿನಡಿಗೆ ಹೋಯಿತು. ಇಂದಿಗೂ ಅಲ್ಲಿ ಯಾತ್ರಿಕರು ಪಾತಾಳೇಶ್ವರನನ್ನು ಕಾಣಲು ಮರಳಿನ ನಡುವೆ ಮೆಟ್ಟಿಲಿಳಿದು ಹೋಗಬೇಕು.

ಈ ವಿವರಣೆ ಸಿಕ್ಕಿದೊಡನೆ ಶಾಪ ಸುಳ್ಳೆಂದು ತೀರ್ಮಾನಿಸಿ ಪುಸ್ತಕ ಮುಚ್ಚುವವರಿದ್ದಾರೆ. ಅದು ವಿಜ್ಞಾನವನ್ನೂ ಜಾನಪದವನ್ನೂ ಒಟ್ಟಿಗೆ ಅಪಾರ್ಥ ಮಾಡಿಕೊಂಡಂತೆ. ಅಣೆಕಟ್ಟೆ ಮರಳನ್ನು ವಿವರಿಸುತ್ತದೆ. ಆದರೆ ಆ ಮರಳನ್ನು ಅರಮನೆಯ ತೊಟ್ಟಿಲಿಗೆ ಜೋಡಿಸಿದ ಮನಸ್ಸನ್ನು ವಿವರಿಸುವುದಿಲ್ಲ. ನೆಲಕ್ಕಾದ ಹಾನಿಯೂ ಒಬ್ಬ ಹೆಂಗಸಿಗಾದ ಅನ್ಯಾಯವೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಡಬೇಕು ಎಂದು ಹಠ ಹಿಡಿದವರು ಯಾರು? ಆಸ್ಥಾನದ ಕವಿಗಳಂತೂ ಅಲ್ಲ. ಸೋತವರ ಪರವಾಗಿ, ಅದೂ ಗೆದ್ದವರ ರಾಜ್ಯದಲ್ಲಿಯೇ ಕುಳಿತು ನೆನಪಿಟ್ಟುಕೊಂಡ ಈ ಮೂರು ಮಾತು ನಮ್ಮ ರಾಜಕೀಯ ಸಾಹಿತ್ಯದ ಒಂದು ಮುಖ್ಯ ಪಠ್ಯ. ಅದನ್ನು ನಾವು ಜಾನಪದ ಪತ್ರಿಕೆಯ ‘ಸ್ಥಳ ಐತಿಹ್ಯಗಳು’ ಎಂಬ ಘಟಕಕ್ಕೆ ಕಳಿಸಿ ಐದು ಅಂಕದ ಟಿಪ್ಪಣಿಯನ್ನಾಗಿಸಿದ್ದೇವೆ.

ಸಂತಾನದ ಎಳೆ ಇನ್ನೂ ತೊಡಕಿನದು. ಹರ್ಬರ್ಟನ ಚಕ್ರವರ್ತಿ ನಾಲ್ಕನೆಯ ಶದ್ದಾಮನಿಗೆ ಐವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಇದು ದೈವದಿಂದಾದುದಲ್ಲ. ‘ಬೆನೆ ಜೆಸೆರಿಟ್’ ಎಂಬ ಹೆಂಗಸರ ಸಂಘ ತಲೆತಲಾಂತರದಿಂದ ರಾಜವಂಶಗಳ ಬಸಿರನ್ನು ಲೆಕ್ಕ ಹಾಕಿ ನಡೆಸುತ್ತ ಬಂದಿದೆ. ಆ ಸಂಘದವಳಾದ ಚಕ್ರವರ್ತಿಯ ಪತ್ನಿಗೆ ಗಂಡು ಹೆರಬಾರದೆಂಬ ಅಪ್ಪಣೆಯಿತ್ತು, ಅವಳು ಪಾಲಿಸಿದಳು. ಪಾಲನ ತಾಯಿ ಜೆಸ್ಸಿಕಾಳಿಗೂ ಹೆಣ್ಣನ್ನೇ ಹೆರಬೇಕೆಂಬ ಅಪ್ಪಣೆಯಿತ್ತು. ತನ್ನವನ ಮೇಲಿನ ಪ್ರೀತಿಯಿಂದ ಅವಳು ಮೀರಿದಳು. ಇಡೀ ಮಹಾಕಥೆ ಈ ಒಂದು ಉಲ್ಲಂಘನೆಯಿಂದ ಹೊರಡುತ್ತದೆ. ಇದೇ ಹೆಂಗಸರಿಗೆ ‘ಧ್ವನಿ’ ಎಂಬ ಇನ್ನೊಂದು ವಿದ್ಯೆ ಕರಗತ: ಸ್ವರದ ಏರಿಳಿತದಿಂದಲೇ ಎದುರಿನವನ ಇಚ್ಛಾಶಕ್ತಿಯನ್ನು ಕಟ್ಟಿಹಾಕಬಲ್ಲರು. ಅಲಮೇಲಮ್ಮನ ಕೈಯಲ್ಲಿ ಸಂಘವಿಲ್ಲ, ವಿದ್ಯೆಯಿಲ್ಲ, ಕಾವಲಿಲ್ಲ. ಉಳಿದಿರುವುದು ಬಾಯಿ ಮಾತು ಮಾತ್ರ. ಬಸಿರನ್ನೂ ಮಾತನ್ನೂ ಅಧಿಕಾರದ ಎರಡು ಆಯುಧಗಳೆಂದು ಎರಡೂ ಕಥೆಗಳು ಬಲ್ಲವು. ಆದರೆ ಹರ್ಬರ್ಟನಲ್ಲಿ ಆ ಆಯುಧಗಳು ಅಧಿಕಾರದ ಒಳಗಿರುವವರ ಕೈಯಲ್ಲಿವೆ. ತಲಕಾಡಿನಲ್ಲಿ ಅವು ಎಲ್ಲವನ್ನೂ ಕಳೆದುಕೊಂಡವಳ ಕೈಯಲ್ಲಿವೆ. ಈ ಒಂದು ವ್ಯತ್ಯಾಸದ ಮೇಲೆ ಒಂದು ಪೂರ್ಣ ಪ್ರಬಂಧವನ್ನೇ ಬರೆಯಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಬೆನೆ ಜೆಸೆರಿಟ್ ಸಂಘದವರು ದೂರದ ಗ್ರಹಗಳಿಗೆ ಮೊದಲೇ ಹೋಗಿ ಅಲ್ಲಿನ ಜನರಲ್ಲಿ ರಕ್ಷಕನೊಬ್ಬ ಬರುತ್ತಾನೆಂಬ ಕಥೆಗಳನ್ನು ಬಿತ್ತಿ ಬರುತ್ತಾರೆ, ಮುಂದೆಂದಾದರೂ ತಮ್ಮವರಿಗೆ ಉಪಯೋಗಕ್ಕೆ ಬಂದೀತೆಂದು. ಪಾಲ್ ಫ್ರೆಮನ್ನರ ನಡುವೆ ಪ್ರವಾದಿಯಾದದ್ದು ಹೀಗೆ ಬಿತ್ತಿದ ಬೆಳೆಯನ್ನು ಕೊಯ್ದುಕೊಂಡು. ಅಂದರೆ ಐತಿಹ್ಯ ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತದೆ. ತಲಕಾಡಿನ ಐತಿಹ್ಯ ಕೆಳಗಿನಿಂದ ಮೇಲಕ್ಕೆ ಹತ್ತಿ ಅರಮನೆಯನ್ನು ಸೇರಿತು. ಸೇರಿದ ಮೇಲೆ ಏನಾಯಿತು ಎಂಬುದು ಕುತೂಹಲಕರ. ಮೈಸೂರಿನ ಅರಮನೆ ಅದನ್ನು ಅಲ್ಲಗಳೆಯಲಿಲ್ಲ. ಅಲಮೇಲಮ್ಮನ ವಿಗ್ರಹವನ್ನಿಟ್ಟು ಪೂಜಿಸಿತು. ಇದನ್ನು ಪಶ್ಚಾತ್ತಾಪವೆಂದು ಓದುವ ರೂಢಿಯಿದೆ. ಪ್ರಭುತ್ವವು ತನ್ನ ಮೇಲಿನ ಆರೋಪವನ್ನು ತನ್ನದೇ ದೇವರಮನೆಯೊಳಗೆ ಕೂಡಿಸಿ ಪಳಗಿಸಿಕೊಂಡಿತೆಂದೂ ಓದಬಹುದು. ದತ್ತು ತೆಗೆದುಕೊಳ್ಳಬೇಕಾದಾಗಲೆಲ್ಲ ಶಾಪ ಒಂದು ವಿವರಣೆಯಾಗಿ, ಪ್ರಜೆಗಳ ಕರುಣೆಯನ್ನು ತರುವ ಕಾರಣವಾಗಿ ಒದಗಿಬಂತು. ನಾನು ಎರಡನೆಯ ಓದಿನ ಕಡೆಗೆ ಹೆಚ್ಚು ವಾಲುತ್ತೇನೆ.

ಏಕೆಂದರೆ ಮೈಸೂರಿನ ವಾರಸಿಕೆಯ ಚರಿತ್ರೆಯನ್ನು ಬಿಡಿಸಿ ನೋಡಿದರೆ ಅಲ್ಲಿ ಶಾಪಕ್ಕಿಂತ ಮನುಷ್ಯರ ಕೈಯೇ ಹೆಚ್ಚು ಕಾಣುತ್ತದೆ. 1776ರಲ್ಲಿ ಸಿಂಹಾಸನ ತೆರವಾದಾಗ ಹೈದರ್ ಅಲಿಯು ರಾಜಬಂಧುಗಳ ಮಕ್ಕಳನ್ನು ಒಂದೆಡೆ ಸೇರಿಸಿ, ಅವರ ಮುಂದೆ ಆಟದ ಸಾಮಾನುಗಳನ್ನು ಹರಡಿಸಿ, ಕಠಾರಿಯನ್ನು ಎತ್ತಿಕೊಂಡ ಮಗುವನ್ನು ಅರಸನನ್ನಾಗಿ ಆರಿಸಿದನೆಂದು ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಹರ್ಬರ್ಟನ ಕಾದಂಬರಿ ತೆರೆದುಕೊಳ್ಳುವುದೂ ಇಂಥ ಒಂದು ಪರೀಕ್ಷೆಯಿಂದ: ಹದಿನೈದರ ಹುಡುಗನ ಕೈಯನ್ನು ನೋವಿನ ಪೆಟ್ಟಿಗೆಯೊಳಗೆ ಇರಿಸಿ, ಕತ್ತಿನ ಬಳಿ ವಿಷದ ಸೂಜಿ ಹಿಡಿದು, ಕೈ ಹಿಂತೆಗೆಯುತ್ತಾನೋ ಎಂದು ನೋಡುತ್ತಾರೆ. ವ್ಯಂಗ್ಯವೆಂದರೆ ಪಾಲನ ಪರೀಕ್ಷೆ ನಿಜವಾಗಿಯೂ ಆಳಬಲ್ಲವನನ್ನು ಹುಡುಕಿದರೆ, ಹೈದರನ ಆಟ ಹುಡುಕಿದ್ದು ಆಳದೆ ಕುಳಿತಿರಬಲ್ಲವನನ್ನು. ಟಿಪ್ಪು 1799ರಲ್ಲಿ ಮಡಿದ ಮೇಲೆ ಇಂಗ್ಲಿಷರು ಐದು ವರ್ಷದ ಇನ್ನೊಂದು ಮಗುವನ್ನು ಗದ್ದುಗೆಯ ಮೇಲೆ ಕೂರಿಸಿದರು. ಅದರ ಹಿಂದೆ ಲಕ್ಷ್ಮಮ್ಮಣ್ಣಿಯವರು ಅರಮನೆಯ ಒಳಗಿನಿಂದ ವರ್ಷಗಟ್ಟಲೆ ಗುಟ್ಟಾಗಿ ನಡೆಸಿದ ಸಂಧಾನವಿತ್ತು. ಆ ಮಗುವೇ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರಿಗೆ 1881ರಲ್ಲಿ ರಾಜ್ಯ ಮರಳಿತು. ಶಾಪದ ಮಾತಿಗೆ ಹೊಂದುವ ತಲೆಮಾರುಗಳೂ ಇವೆ, ಹೊಂದದವೂ ಇವೆ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ಜಯಚಾಮರಾಜೇಂದ್ರರಿಗೆ ಇದ್ದರು. 2015ರಲ್ಲಿ ದತ್ತು ಸ್ವೀಕಾರವಾದ ಯದುವೀರರಿಗೆ 2017ರಲ್ಲಿ ಗಂಡುಮಗುವಾದಾಗ ಪತ್ರಿಕೆಗಳು ಶಾಪ ವಿಮೋಚನೆಯೆಂದು ಬರೆದವು. ಅದೇ ಯದುವೀರರು 2024ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಗೆದ್ದರು. ಕಠಾರಿ ಎತ್ತಿಕೊಳ್ಳುವುದಕ್ಕಿಂತ ಮತಪೆಟ್ಟಿಗೆಯ ಪರೀಕ್ಷೆ ಒಳ್ಳೆಯದೇ ಸರಿ. ಆದರೆ ಮನೆತನದ ಹೆಸರು ಮತದಾರನ ಕೈ ಹಿಡಿದು ನಡೆಸುವುದು ಅರಸರ ಮನೆತನಗಳಿಗೆ ಮಾತ್ರ ಸೀಮಿತವಲ್ಲವೆಂಬುದು ನಮ್ಮ ಗಣರಾಜ್ಯದಲ್ಲಿ ಬಾಳುವವರಿಗೆಲ್ಲ ತಿಳಿದದ್ದೇ.

ಮುಂಬಯಿಯಲ್ಲಿ ಕುಳಿತು ಈ ವಿಷಯ ಬರೆಯುವಾಗ ಕಿತ್ತೂರನ್ನು ಬಿಡುವಂತಿಲ್ಲ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗ ರುದ್ರಸರ್ಜ ತೀರಿಕೊಂಡಾಗ ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಆ ಥ್ಯಾಕರೆ ಅಧೀನನಾಗಿದ್ದದ್ದು ಮುಂಬಯಿ ಸರ್ಕಾರಕ್ಕೆ. ಗವರ್ನರ್ ಆಗಿದ್ದವನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್, ಇಂದಿಗೂ ಈ ನಗರದ ಒಂದು ಹಳೆಯ ಕಾಲೇಜಿನ ಹೆಸರಿನಲ್ಲಿ ನಾವು ನೆನೆಯುವ ವಿದ್ವಾಂಸ. ಚೆನ್ನಮ್ಮನ ಪಡೆಯ ಕೈಯಲ್ಲಿ ಅಕ್ಟೋಬರ್ 23ರಂದು ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮ ತೀರಿಕೊಂಡಳು. ಒಬ್ಬ ಹುಡುಗ ಮಗನೋ ಅಲ್ಲವೋ ಎಂಬುದನ್ನು ತಾಯಿಯಲ್ಲ, ಊರಲ್ಲ, ಧರ್ಮಶಾಸ್ತ್ರವಲ್ಲ, ಒಂದು ವ್ಯಾಪಾರಿ ಕಂಪನಿ ತೀರ್ಮಾನಿಸಿತು. ಹರ್ಬರ್ಟನ ಸಾಮ್ರಾಜ್ಯದಲ್ಲೂ ಕಿರೀಟಗಳ ಹಿಂದೆ ಒಂದು ವ್ಯಾಪಾರ ಕೂಟವೂ ಹಡಗು ನಡೆಸುವವರ ಸಂಘವೂ ಕುಳಿತಿವೆ. ಅರಸರೆಲ್ಲ ಅವುಗಳ ಪಾಲುದಾರರು. ಯುರೋಪಿನ ವಿಮರ್ಶಕನಿಗೆ ಇದು ಭವಿಷ್ಯದ ಕಲ್ಪನೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಕಿತ್ತೂರಿನವರಿಗೆ, ಅಥವಾ 1834ರಲ್ಲಿ ಅರಸನನ್ನು ಕಳೆದುಕೊಂಡ ಕೊಡಗಿನವರಿಗೆ, ಇದು ನಡೆದುಹೋದ ಚರಿತ್ರೆ. ‘ಚಿಕವೀರ ರಾಜೇಂದ್ರ’ದಲ್ಲಿ ಮಾಸ್ತಿಯವರು ಕೊನೆಯ ಅರಸನ ದುರಾಚಾರವನ್ನೂ ಕಂಪನಿಯ ದುರಾಸೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಸಮಚಿತ್ತ ಹರ್ಬರ್ಟನಿಗೆ ಒಲಿದಿಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈ ನಗರದ ಕನ್ನಡಿಗರಲ್ಲಿ ಬಹುಪಾಲು ಜನ ಬಂದದ್ದು ತುಳುನಾಡಿನಿಂದ. ಅವರ ಮನೆಗಳಲ್ಲಿ ವಾರಸಿಕೆಯ ಇನ್ನೊಂದೇ ಕಥೆಯಿತ್ತು. ಹಡಗು ಕಡಲಿಗಿಳಿಯಬೇಕಾದರೆ ಅರಸನ ಮಗನ ಬಲಿ ಬೇಕೆಂದು ಕುಂಡೋದರನೆಂಬ ಭೂತ ಕೇಳಿದಾಗ ರಾಣಿ ಮಕ್ಕಳನ್ನು ಕೊಡಲಿಲ್ಲ, ಅರಸನ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಭೂತಾಳ ಪಾಂಡ್ಯನಾದ, ಅಲ್ಲಿಂದ ಆಸ್ತಿ ಮಗನಿಗಲ್ಲ ಅಳಿಯನಿಗೆ ಎಂಬ ಕಟ್ಟು ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಅನಂತರ ಅಳಿಯಸಂತಾನ ಕ್ರಮೇಣ ಸಡಿಲವಾದರೂ ಕಥೆ ಉಳಿದಿದೆ. ಜೆಸ್ಸಿಕಾ ಮಗನಿಗಾಗಿ ಸಂಘವನ್ನು ಮೀರಿದಳು, ಪಾಂಡ್ಯನ ತಂಗಿ ಮಗನನ್ನೇ ಮುಂದಿಟ್ಟಳು. ಯಾವುದು ಹೆಚ್ಚಿನ ತಾಯ್ತನ ಎಂದು ತರಗತಿಯಲ್ಲಿ ಕೇಳಿದರೆ ಗಂಟೆ ಹೊಡೆದರೂ ಚರ್ಚೆ ಮುಗಿಯುವುದಿಲ್ಲ.

ಕೊನೆಯದಾಗಿ, ಅಧಿಕಾರವನ್ನು ಬಿಟ್ಟುಹೋಗುವ ಪ್ರಶ್ನೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಪರಿಸರದಲ್ಲಿ ಪೋದನಪುರವೆಂದು ಕರೆಯಲಾಗುವ ಜೈನ ಕ್ಷೇತ್ರವಿದೆ. ಅಲ್ಲಿ ಆದಿನಾಥ, ಭರತ, ಬಾಹುಬಲಿ ಮೂವರೂ ಬಯಲಿನಲ್ಲಿ ಜೊತೆಯಾಗಿ ನಿಂತಿದ್ದಾರೆ. ಶ್ರವಣಬೆಳಗೊಳದಲ್ಲಿ ಬಾಹುಬಲಿ ಒಬ್ಬನೇ. ಅವನ ಬದಿಯ ಶಾಸನದಲ್ಲಿ ಕನ್ನಡದೊಡನೆ ಮರಾಠಿಯೂ ಇರುವುದನ್ನು ಮುಂಬಯಿಯ ನಾವು ಸಂತೋಷದಿಂದ ನೆನೆಯುತ್ತೇವೆ. ಬೊರಿವಲಿಯಲ್ಲಿ ತಂದೆಯೂ ಇಬ್ಬರು ಹಕ್ಕುದಾರರೂ ಇರುವುದರಿಂದ ಆದಿಪುರಾಣದ ಪ್ರಶ್ನೆ ಪೂರ್ಣವಾಗಿ ಕಣ್ಣಿಗೆ ಬೀಳುತ್ತದೆ. ದಿಗ್ವಿಜಯ ಮುಗಿಸಿದ ಭರತ ವೃಷಭಾಚಲದ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಲು ಹೋದರೆ ಅಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದಾಗಿ ಜಾಗವೇ ಇಲ್ಲ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಗುತ್ತದೆ. ಹತ್ತಾರು ಸಾವಿರ ವರ್ಷಗಳ ಕಾಲರೇಖೆಯನ್ನು ಎಳೆದು ಹರ್ಬರ್ಟ್ ಸಾಧಿಸಲು ಹೊರಟ ಪರಿಣಾಮವನ್ನು ಪಂಪ ಒಂದು ಬಂಡೆಯ ಮೇಲೆ ಸಾಧಿಸಿದ್ದಾನೆ. ಮುಂದೆ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ತಮ್ಮಂದಿರು ಇನ್ನೂ ತಲೆಬಾಗಿಲ್ಲ. ದೃಷ್ಟಿ, ಜಲ, ಮಲ್ಲ ಯುದ್ಧಗಳು ಮೂರರಲ್ಲಿಯೂ ಬಾಹುಬಲಿ ಗೆಲ್ಲುತ್ತಾನೆ, ಗೆದ್ದ ಕ್ಷಣದಲ್ಲಿ ಹಿಂದಿರುಗುತ್ತಾನೆ.

ಪಾಲ್ ಅಟ್ರೀಡೀಸನೂ ನಡೆದುಹೋಗುತ್ತಾನೆ. ಆದರೆ ಕೋಟ್ಯಂತರ ಹೆಣಗಳು ಬಿದ್ದ ಮೇಲೆ, ಕಣ್ಣು ಹೋದ ಮೇಲೆ. ಮುಂದೇನಾಗುತ್ತದೆಂಬುದನ್ನು ದಿವ್ಯದೃಷ್ಟಿಯಿಂದ ಕಂಡಿದ್ದೂ ಅವನಿಗೆ ನಿಲ್ಲಿಸಲಾ‌ಗಲಿಲ್ಲ. ಅವನು ಬಿಟ್ಟುಹೋದ ಸಿಂಹಾಸನದಲ್ಲಿ ತಂಗಿ ಅಲಿಯಾ ಪ್ರತಿನಿಧಿಯಾಗಿ ಕುಳಿತು, ಸತ್ತ ಅಜ್ಜ ಹರ್ಕೊನೆನ್ನನ ಪ್ರೇತವನ್ನು ತನ್ನೊಳಗೆ ಹೊತ್ತು ಕೆಡುತ್ತಾಳೆ. ಮಗ ಎರಡನೆಯ ಲೀಟೊ ಮನುಷ್ಯ ದೇಹವನ್ನೇ ಬಿಟ್ಟು ಮರಳಿನ ಹುಳುವಾಗಿ ಮೂರೂವರೆ ಸಾವಿರ ವರ್ಷ ಆಳುತ್ತಾನೆ. ತ್ಯಾಗ ತಡವಾದರೆ ಅದು ತ್ಯಾಗವಾಗುವುದಿಲ್ಲ, ಬಾಕಿ ಮಾತ್ರ ಮಕ್ಕಳ ತಲೆಗೆ ಬೀಳುತ್ತದೆ ಎಂಬ ಅರಿವು ಹರ್ಬರ್ಟನಿಗಿದೆ. ಆದರೂ ಅವನ ಕಥೆಗೆ ಒಂದು ಮಿತಿಯಿದೆ. ವೀರರನ್ನು ನಂಬಬೇಡಿರೆಂದು ಎಚ್ಚರಿಸಲು ಹೊರಟವನು ಕೊನೆಯವರೆಗೂ ಅಸಾಮಾನ್ಯ ರಕ್ತದ ಮಕ್ಕಳನ್ನೇ ನಂಬಿ ಕಥೆ ನಡೆಸುತ್ತಾನೆ. ಫ್ರೆಮನ್ನರಲ್ಲಿ ಹುಟ್ಟಿದವನೊಬ್ಬ ಆ ಸಿಂಹಾಸನ ಬೇಡವೆನ್ನುವ, ಅಥವಾ ಅದನ್ನು ಮುರಿಯುವ ಸಾಧ್ಯತೆ ಅವನಿಗೆ ಹೊಳೆಯುವುದಿಲ್ಲ. ಹುಟ್ಟಿನ ಹಿರಿಮೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಎದುರು ಹಾಕಿಕೊಂಡ ವಚನಕಾರರ ಭಾಷೆಯ ಓದುಗನಿಗೆ ಈ ಕೊರತೆ ಚುಚ್ಚುತ್ತದೆ. ಕಥನದ ವಿಸ್ತಾರಕ್ಕೆ ಮಾರುಹೋದ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿಕೊಡುವುದು ಕನ್ನಡ ಅಧ್ಯಾಪಕನಿಂದಲೇ ಆಗಬೇಕಾದ ಕೆಲಸ, ಇಂಗ್ಲಿಷ್ ವಿಭಾಗದಿಂದ ಆಗುವುದಲ್ಲ.

ನೆರೆಯ ಮರಾಠಿ ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. ಇದೇ ನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿಯುತ್ತ ಮರಾಠಿಯಲ್ಲಿ ವಿಜ್ಞಾನ ಕಥೆ ಬರೆದ ಜಯಂತ ನಾರಳೀಕರರನ್ನು 2021ರ ನಾಸಿಕ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಮಾಡಿತು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರಕ್ಕೆ ಬದುಕನ್ನೇ ತೆತ್ತರೂ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ಸಿಕ್ಕಿದ್ದು ಕೆಲವು ಸಾಲುಗಳು. ಎಂ.ಎ. ತೌಲನಿಕ ಸಾಹಿತ್ಯದ ಪತ್ರಿಕೆಯಲ್ಲಿ ಆದಿಪುರಾಣದ ಭರತ-ಬಾಹುಬಲಿ ಪ್ರಸಂಗ, ತಲಕಾಡಿನ ಐತಿಹ್ಯ, ‘ಡ್ಯೂನ್’ ಮೊದಲ ಎರಡು ಸಂಪುಟಗಳನ್ನು ಒಂದೇ ಘಟಕವಾಗಿ ಇಡಬೇಕೆಂಬುದು ನನ್ನ ಸೂಚನೆ. ಕನ್ನಡದಲ್ಲಿಯೇ ಓದಿಸಬೇಕು, ಅದಕ್ಕೆ ಅನುವಾದ ಬೇಕು.

ಅನುವಾದಕನಿಗೆ ಇಲ್ಲೊಂದು ಅನಿರೀಕ್ಷಿತ ಲಾಭವಿದೆ. ಹರ್ಬರ್ಟ್ ತನ್ನ ಮರಳುಗಾಡಿನ ಜನರಿಗೆ ಅರಬ್ಬಿಯಿಂದ ಪದಗಳನ್ನು ಎರವಲು ತಂದ. ಇಂಗ್ಲಿಷ್ ಓದುಗನಿಗೆ ಅವು ದೂರದ, ನಿಗೂಢವಾದ ಶಬ್ದಗಳು. ಕನ್ನಡಿಗನಿಗೆ ಅರಬ್ಬಿ-ಪಾರಸಿ ಮೂಲದ ಮಾತುಗಳು ತಾಲೂಕು ಕಚೇರಿಯ ಮಾತುಗಳು: ವಾರಸು, ಹಕ್ಕು, ಜಮೀನು, ಫೈಸಲು. ‘ವಾರಸುದಾರ’ ಎಂಬ ಪದವೇ ಆ ದಾರಿಯಲ್ಲಿ ಬಂದದ್ದು. ಆದ್ದರಿಂದ ಇಂಗ್ಲಿಷಿನಲ್ಲಿ ವಿಚಿತ್ರವಾಗಿ ಕಾಣುವ ಈ ಲೋಕ ಕನ್ನಡಕ್ಕೆ ಬಂದಾಗ ಪಹಣಿ ಪತ್ರದಷ್ಟು ಪರಿಚಿತವಾಗುತ್ತದೆ, ಅದರ ರಾಜಕೀಯ ಹೆಚ್ಚು ನಿಚ್ಚಳವಾಗುತ್ತದೆ. ಪಾಲನ ಅವಳಿ ಮಕ್ಕಳಲ್ಲಿ ಹೆಣ್ಣುಮಗುವಿನ ಹೆಸರು ಘನೀಮಾ. ಅರಬ್ಬಿಯಲ್ಲಿ ಯುದ್ಧದಲ್ಲಿ ದೋಚಿದ ಸೊತ್ತು ಎಂದು ಅದರ ಅರ್ಥ. ಅದೇ ಧಾತುವಿನಿಂದ ಬಂದ ‘ಗನೀಮ’ ಮರಾಠಿಯಲ್ಲಿ ಶತ್ರು. ಶಿವಾಜಿಯ ಸೈನ್ಯದ ‘ಗನಿಮೀ ಕಾವಾ’ ಈ ನಗರದ ಶಾಲಾ ಮಕ್ಕಳಿಗೆಲ್ಲ ಗೊತ್ತು. ರಾಜಕುಮಾರಿಗೆ ಲೂಟಿಯೆಂದು ಹೆಸರಿಟ್ಟ ತಂದೆಯ ಮನಸ್ಸಿನಲ್ಲಿ ಏನಿತ್ತು ಎಂಬುದು ಇಂಗ್ಲಿಷಿನಲ್ಲಿ ಓದುವವನಿಗೆ ಪದಕೋಶ ತೆರೆದರಷ್ಟೇ ತಿಳಿದೀತು. ದಾದರಿನಲ್ಲಿ ಬೆಳೆದ ಕನ್ನಡ ಹುಡುಗಿಯ ಕಿವಿಗೆ ಅದು ಹೆಸರು ಕೇಳಿದೊಡನೆ ತಟ್ಟುತ್ತದೆ.